ಹೊರಗೆ ನಿಂತವರನ್ನು ಕರೆಯುವ ಕೆಲಸ

ನಮ್ಮನೆಯವರು ಪುರಸಭೆಯಲ್ಲಿ ಜವಾನರಾಗಿದ್ದರು. ಸಭೆಯ ದಿನ ಕುರ್ಚಿ ಒರೆಸಿ, ಲೋಟಗಳಿಗೆ ನೀರು ತುಂಬಿ, ಮೈಕು ತಟ್ಟಿ ನೋಡಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಪ್ರಾರ್ಥನೆ ಹಾಡುವುದೂ ಅವರದೇ ಕೆಲಸ. ಹಾಡು ಯಾರೂ ಹೇಳಿಕೊಟ್ಟದ್ದಲ್ಲ. ಕಂಠ ಮಾತ್ರ ಜೇನು. ನಾನು ಪಾತ್ರೆ ತೊಳೆಯುವಾಗ ಹಾಡುತ್ತಿದ್ದರು. ನಲ್ಲಿ ನಿಲ್ಲಿಸಿ ಕೇಳುತ್ತಿದ್ದೆ.

ಸದಸ್ಯರಲ್ಲಿ ಒಬ್ಬರು ಬಟ್ಟೆ ಹೊಲಿಯುವವರು, ಟೈಲರಮ್ಮ. ಅವರ ದೇವರು ಬೇರೆ. ಒಳಗಿದ್ದು ಕೈ ಮುಗಿಯದಿದ್ದರೆ ಉಳಿದವರ ಕಣ್ಣು ಕೆಂಪಾಗುತ್ತಿತ್ತು. ಕೈ ಮುಗಿಯಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಹಾಗಾಗಿ ಹಾಡು ಮುಗಿಯುವ ತನಕ ವರಾಂಡದಲ್ಲಿ ನಿಲ್ಲುತ್ತಿದ್ದರು. ಆಮೇಲೆ ಇವರು ಚಿಲಕ ತೆಗೆದು ಕರೆಯುತ್ತಿದ್ದರು.

“ಬನ್ನಿ ತಾಯಿ, ದೇವರು ಎದ್ದು ಹೋದ್ರು.”

“ಬೇಗ ಕಳಿಸೋದು ತಾನೇ ಅಣ್ಣಾ? ಕಾಲು ಬಿದ್ದುಹೋಯ್ತು.”

ಇಬ್ಬರೂ ನಗುತ್ತಿದ್ದರಂತೆ.

ಟೈಲರಮ್ಮನ ಬೀದಿಗೆ ನೀರಿನ ಪೈಪು ಹಾಕುವ ವಿಷಯ ಬಂದ ದಿನ ಯಾರೋ ದೊಡ್ಡವರು ಸಭೆ ನೋಡಲು ಬಂದಿದ್ದರು. “ಇನ್ನೊಂದು ಹಾಡಯ್ಯಾ” ಎಂದರು ಅಧ್ಯಕ್ಷರು. ಇವರು ಕಣ್ಣು ಮುಚ್ಚಿ ಇನ್ನೊಂದು ಹಾಡಿದರು. ಚಪ್ಪಾಳೆ ಬಿತ್ತು. ಅದೇ ಹಿಗ್ಗಿನಲ್ಲಿ ಹಿಂಬಾಗಿಲಿನಿಂದ ಚಹಾ ತರಲು ಓಡಿದರು. ಮುಂಬಾಗಿಲ ಚಿಲಕ ಹಾಗೇ ಇತ್ತು. ಟೈಲರಮ್ಮ ಬಡಿದರು, ಮೈಕಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಇಲ್ಲವೇ ಕೇಳಿಸಿಯೂ ಏಳಲಿಲ್ಲ. ಇವರು ಚಹಾ ಹಿಡಿದು ಬರುವಷ್ಟರಲ್ಲಿ ಮತಕ್ಕೆ ಕೈ ಎತ್ತಿಸಿ ಆಗಿತ್ತು. ಇನ್ನೊಂದೇ ಕೈ ಇದ್ದಿದ್ದರೆ ಸಾಕಿತ್ತು. ಪೈಪು ಬೇರೆ ಬೀದಿಗೆ ಹೋಯಿತು.

ಟೈಲರಮ್ಮ ಬೈಯಲಿಲ್ಲ. “ಹಾಡು ಚೆನ್ನಾಗಿತ್ತು ಅಣ್ಣಾ. ಹೊರಗೂ ಕೇಳ್ತಿತ್ತು” ಎಂದಷ್ಟೇ ಹೇಳಿ ಹೋದರಂತೆ. ಅದನ್ನು ನನಗೆ ಹೇಳುತ್ತ ಇವರು ಊಟದ ತಟ್ಟೆ ಸರಿಸಿದರು.

ಮುಂದಿನ ಸಭೆಯಲ್ಲಿ ಇವರು ಬಾಗಿಲು ತೆರೆದಿಟ್ಟು ಸುಮ್ಮನೆ ನಿಂತರು.

“ಗಂಟಲು ಕಟ್ಟಿದೆಯೇನಯ್ಯಾ?” ಎಂದರು ಅಧ್ಯಕ್ಷರು.

“ಇಲ್ಲ ಸ್ವಾಮಿ. ಇದು ಎಲ್ರ ಕಚೇರಿ. ನನ್ನ ದೇವರು ಮನೇಲಿದ್ರೆ ಸಾಕು.”

“ಓಹೋ, ಜವಾನರು ಕಾನೂನು ಓದ್ಕೊಂಡು ಬಂದಿದ್ದಾರೆ!” ಎಲ್ಲರೂ ನಕ್ಕರು. ಅಧ್ಯಕ್ಷರು ಟೇಪ್‌ರೆಕಾರ್ಡರು ತರಿಸಿ ಹಾಡು ಹಾಕಿಸಿದರು. ಟೈಲರಮ್ಮ ಮತ್ತೆ ವರಾಂಡಕ್ಕೆ ನಡೆದರು. ಅವತ್ತಿನಿಂದ ನಿವೃತ್ತಿಯಾಗುವ ತನಕ ಇವರೂ ಹೋಗಿ ಅವರ ಪಕ್ಕ ನಿಲ್ಲುತ್ತಿದ್ದರು.

ಮನೆಯಲ್ಲೂ ಹಾಡು ನಿಂತಿತು. “ಇಲ್ಲಾದ್ರೂ ಹಾಡ್ರೀ” ಎಂದೆ. “ಬಾಯಿ ತೆಗೆದ್ರೆ ಬಾಗಿಲು ಬಡಿದ ಹಾಗಾಗುತ್ತೆ ಕಣೇ” ಎಂದರು. ನಾನು ಮತ್ತೆ ಒತ್ತಾಯಿಸಲಿಲ್ಲ.

ಅವರು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ತಡೆಯಲಾರದೆ, ಒಂದೇ ಸಾಲು ಸಾಕು ಎಂದೆ. ಬಾಗಿಲ ಕಡೆ ತಲೆ ತಿರುಗಿಸಿದರು.

“ಹೊರಗೆ ಯಾರಾದ್ರೂ ನಿಂತಿದ್ದಾರಾ, ನೋಡೇ.”

ಹೋಗಿ ನೋಡಿದೆ. ಯಾರೂ ಇರಲಿಲ್ಲ. ಎರಡೂ ಕದ ಗೋಡೆಗೆ ತಾಗುವಂತೆ ತೆರೆದಿಟ್ಟು ಬಂದು, “ಯಾರೂ ಇಲ್ಲ, ಹಾಡಿ” ಎಂದೆ.

ತುಟಿ ಅಲ್ಲಾಡಿತು. ಕಿವಿ ಹತ್ತಿರ ಒಡ್ಡಿದೆ. ಉಸಿರು ಬಿಟ್ಟರೆ ಬೇರೇನೂ ಇಲ್ಲ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಎದ್ದು ಹೋಗಿ ಅದನ್ನು ಬಿಗಿಯಾಗಿ ನಿಲ್ಲಿಸಿ ಬಂದು, ಮತ್ತೆ ಕಿವಿ ಒಡ್ಡಿದೆ.