ಅಕ್ಕ ಕಳಿಸುವ ದೇವರು

ಹೋದ ವರ್ಷದ ಮಾತು. ಶ್ರಾವಣ ಮುಗಿದು ಒಂದು ವಾರವಾಗಿರಬೇಕು. ಬೆಳಿಗ್ಗೆ ಎದ್ದು ಫೋನ್ ತೆಗೆದರೆ ನಟ್ಟನಡುವೆ ಒಂದು ಬಿಳಿ ಪಟ್ಟಿ ಬಂದು ಕೂತಿತ್ತು. ‘ಸೆಟ್ಟಿಂಗ್ಸ್ ಪದೇ ಪದೇ ನಿಂತುಹೋಗುತ್ತಿದೆ’ ಅಂತ ಬರೆದಿತ್ತು. ಕೆಳಗೆ ಎರಡು ಮಾತು, ಒಂದು ‘ಮುಚ್ಚಿ’, ಇನ್ನೊಂದು ‘ಕಾಯಿರಿ’. ನಾನು ಹೇಳಿದ ಮಾತು ಕೇಳುವ ಹೆಂಗಸು. ‘ಕಾಯಿರಿ’ ಒತ್ತಿ ಕಾಯುತ್ತ ಕೂತೆ. ಒಂದು ಬ್ಲೌಸಿಗೆ ಪೂರ್ತಿ ಹುಕ್ಕು ಹಚ್ಚಿ ಮುಗಿಸಿದೆ, ಪಟ್ಟಿ ಮಾತ್ರ ಅಲ್ಲಾಡಲಿಲ್ಲ.

ನಾನು ಮಾನ್ವಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ಅವರದು ಗುಂಡಿ ಒತ್ತುವ ಹಳೇ ಫೋನು, ಅದಕ್ಕೇ ಅವರಿಗೆ ಗರ್ವ ಜಾಸ್ತಿ. ನನ್ನ ಫೋನು ನೋಡಿ ನಕ್ಕರು. “ಶ್ರಾವಣದಾಗ ಬಂದ ದೇವರೆಲ್ಲಾ ಒಳಗ ಕುಂತಾರ. ಅದಕ್ಕ ಮೈಮ್ಯಾಲ ಬಂದದ. ಲಿಂಬಿಹಣ್ಣು ಇಳಿಸು, ಸರಿ ಆಗ್ತದ.”

“ನಿಮ್ಮ ಬಾಯಿಗೆ ಮದಲ ಬೀಗ ಹಾಕ್ರಿ,” ಅಂದು ನಾನು ಇನ್ನಷ್ಟು ಒತ್ತಿದೆ. ಸಿಟ್ಟಿನಲ್ಲಿ ಎಲ್ಲೆಲ್ಲೋ ಒತ್ತುವಾಗ ವಿಮಾನದ ಗುರುತಿಗೆ ಬೆರಳು ತಾಗಿತು. ಅಷ್ಟೇ, ಫೋನು ಬರುವುದು, ಮೆಸೇಜು ಬರುವುದು ಎಲ್ಲಾ ಬಂದ್. ಅದನ್ನು ತೆಗೆಯೋಣವೆಂದರೆ ಮತ್ತೆ ಅದೇ ಬಿಳಿ ಪಟ್ಟಿ. ಆಗ ನಾನು ಸೂಜಿ ದಾರ ಬಿಟ್ಟು ಫೋನ್ ಅಂಗಡಿಗೆ ಓಡಿದೆ.

ಯಾಕೆಂದರೆ ನಮ್ಮಕ್ಕ ಬಸಮ್ಮ ಮಾತಾಡುವುದೆಲ್ಲ ಆ ಫೋನಿನಲ್ಲೇ. ಆಕೆಯನ್ನು ದೇವದುರ್ಗಕ್ಕೆ ಕೊಟ್ಟಿದ್ದಾರೆ. ನಾಲ್ಕು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದವಳು. ಆಮೇಲೆ ಆಕೆಯ ಮೊಮ್ಮಗಳು ಎಡಗೈ ಹೆಬ್ಬೆರಳಲ್ಲಿ ಫೋನ್ ಒತ್ತುವುದನ್ನು ಕಲಿಸಿದಳು. ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಅಕ್ಕ ನನಗೊಂದು ದೇವರ ಚಿತ್ರ ಕಳಿಸುತ್ತಾಳೆ. ಸೋಮವಾರ ಶಿವ, ಗುರುವಾರ ರಾಯರು, ಶನಿವಾರ ಹನುಮಪ್ಪ. ಅಕ್ಷರ ಬರೆಯಲು ಬರುವುದಿಲ್ಲ, ಮಾತಾಡಲು ಆಗುವುದಿಲ್ಲ. ಒಂದು ಚಿತ್ರ ಬಂತೆಂದರೆ ಅಕ್ಕ ಎದ್ದಳು, ಚಂದ ಇದ್ದಾಳೆ ಅಂತ ಅರ್ಥ.

ಚಿಕ್ಕವರಿದ್ದಾಗ ಬಾಗಲವಾಡದಲ್ಲಿ ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ನನ್ನದು ಕುಂಭಕರ್ಣನ ನಿದ್ದೆ. ನೀರಿಗೆ ಹೋಗುವ ಹೊತ್ತಾದರೆ ಅಕ್ಕ ನನ್ನ ಕಾಲಿನ ಹೆಬ್ಬೆರಳು ಹಿಡಿದು ಎಳೆಯುತ್ತಿದ್ದಳು. ಕೂಗುತ್ತಿರಲಿಲ್ಲ, ಅಪ್ಪನಿಗೆ ಎಚ್ಚರವಾಗುತ್ತದೆ ಅಂತ. ಈಗ ಬೆಳಿಗ್ಗೆ ಫೋನು ಟಿಣ್ ಅಂದರೆ ನನಗೆ ಆ ಹೆಬ್ಬೆರಳು ಎಳೆದ ಹಾಗೇ ಆಗುತ್ತದೆ.

ಮಾನ್ವಿಯ ಅಂಗಡಿಯವನು ಫೋನು ತಿರುಗಿಸಿ ಮುರುಗಿಸಿ ನೋಡಿ, “ಫಾರ್ಮ್ಯಾಟ್ ಹೊಡಿಬೇಕ್ರಿ ಅಕ್ಕಾ. ಒಳಗಿಂದೆಲ್ಲಾ ಹೋಗ್ತದ” ಅಂದ. ನಾಲ್ಕು ವರ್ಷದ ಬೆಳಗುಗಳು ಅದರಲ್ಲಿದ್ದವು. “ನಿನ್ನ ಫಾರ್ಮ್ಯಾಟು ನಿನ್ನ ಹಂತ್ಯಾಕೇ ಇರಲಿ,” ಅಂದು ಫೋನು ಕಸಿದುಕೊಂಡು ಬಂದೆ. ಮರುದಿನ ಮೊಹರಂ ಹುಲಿವೇಷದವನ ಹಾಗೆ ಮನೆಯೊಳಗೆ ಸುತ್ತಿದೆ. ಮೂರನೇ ದಿನ ರಾಯಚೂರು ಬಸ್ಸು ಹತ್ತಿದೆ.

ದೇವದುರ್ಗಕ್ಕೆ ಬೇರೆ ಫೋನಿನಿಂದ ಒಂದು ಮಾತು ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅಕ್ಕನ ಮಗ ಮಲ್ಲಣ್ಣ ಈಚೆಗೆ ನಂಬರು ಬದಲಾಯಿಸಿದ್ದ, ಅದು ಇದ್ದದ್ದು ನನ್ನ ಫೋನಿನಲ್ಲಿ ಮಾತ್ರ. ನಮ್ಮ ಮನೆಯವರ ಫೋನಿನಲ್ಲಿ ಹಳೇ ನಂಬರು. ಆದರೆ ನಿಜ ಹೇಳಬೇಕೆಂದರೆ ನನಗದು ಹೊಳೆಯಲೇ ಇಲ್ಲ. ಚಿತ್ರಗಳು ಎಲ್ಲಿಗೆ ಹೋಗುತ್ತವೆ, ಫೋನು ಸರಿಯಾದ ಮೇಲೆ ಬಂದು ಬೀಳುತ್ತವೆ ಅಂದುಕೊಂಡಿದ್ದೆ. ಚಿತ್ರ ಕಳಿಸಿ ಆ ಕಡೆ ಕೂತಿರುವವಳ ಬಗ್ಗೆ ಯೋಚಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಒಂದು ಸಂದಿಯಲ್ಲಿ ಮೆಹಬೂಬ್ ಅನ್ನುವವರ ಅಂಗಡಿ. ಎರಡು ಮಂಚ ಹಿಡಿಸುವಷ್ಟು ಜಾಗ. ನಲವತ್ತು ದಾಟಿದ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಫ್ಯಾನು ನನ್ನ ಕಡೆ ತಿರುಗಿಸಿ, “ನೀರ್ ಕುಡೀರಿ ಅಕ್ಕಾರ, ಆಮ್ಯಾಲ ಹೇಳ್ರಿ” ಅಂದರು.

“ಅದೇನರೆ ಮಾಡು ತಮ್ಮಾ, ಆದ್ರ ಒಳಗಿಂದು ಒಂದೂ ಹೋಗಬಾರದು. ಹೋಗ್ತದ ಅಂದ್ರ ಈಗ ಹೇಳು, ಹಂಗೇ ಎದ್ದು ಹೋಗ್ತೀನಿ.”

“ಮುಟ್ಟೋಕಿಂತ ಮದಲೇ ಹೆದರಿಸ್ತೀರಲ್ರಿ,” ಅಂದು ನಕ್ಕು, ಬದಿಯ ಗುಂಡಿ ಒತ್ತಿ ಹಿಡಿದರು. ಫೋನು ಆರಿ ಮತ್ತೆ ಹೊತ್ತಿಕೊಂಡಿತು. ಮೂಲೆಯಲ್ಲಿ ‘ಸೇಫ್ ಮೋಡ್’ ಅಂತ ಬಂತು. ಮೂರು ದಿನದಿಂದ ಮುಖ ತಿರುಗಿಸಿದ್ದ ಸೆಟ್ಟಿಂಗ್ಸು ಅವರ ಕೈಯಲ್ಲಿ ಸುಮ್ಮನೆ ತೆರೆಯಿತು. ಅವರು ಕನ್ನಡಕ ಮೇಲೇರಿಸಿ, “ಅಬ್ಬಬ್ಬಾ!” ಅಂದರು.

“ಏನಾತು?”

“ಜಾಗಾನೇ ಇಲ್ರಿ. ಮನಿ ತುಂಬ ಚೀಲ ಒಟ್ಟಿದ್ರ ಬಾಗ್ಲಾ ತೆರೀತದೇನು? ಹಂಗ ಆಗ್ಯಾದ. ಬರೇ ಫೋಟೋನೇ ಆರು ಸಾವಿರದ ಮ್ಯಾಲ ಅದಾವ. ದೇವ್ರು, ದೇವ್ರು, ದೇವ್ರು.”

ಅಕ್ಕನೊಬ್ಬಳೇ ಅಲ್ಲ, ಬೀಗರು, ಗಿರಾಕಿಗಳು, ಭಜನಾ ಮಂಡಳಿಯವರು, ಎಲ್ಲರೂ ಶ್ರಾವಣದಲ್ಲಿ ಕಳಿಸಿದ್ದರು. ನಾನು ಒಂದನ್ನೂ ತೆಗೆದಿರಲಿಲ್ಲ. ಮೆಹಬೂಬ್ ಎಲ್ಲಕ್ಕೂ ಗುರುತು ಹಾಕಿ, “ಇದನ್ನ ಒತ್ತಿದ್ರ ಮುಗೀತ್ರಿ” ಎಂದು ಒಂದು ಕಡೆ ಬೆರಳು ಒಯ್ದರು. ಅಲ್ಲಿದ್ದದ್ದು ಕಸದ ಡಬ್ಬಿಯ ಚಿತ್ರ.

“ತಡಿ ತಡಿ ತಮ್ಮಾ!” ನಾನು ಎದ್ದೇ ನಿಂತೆ. “ಅದು ಕಸದ ಡಬ್ಬಿ ಅಲ್ಲೇನು? ಶಿವನ್ನ ಕಸದ ಡಬ್ಬಿಗೆ ಹಾಕ್ತೀಯೇನು?”

ನಮ್ಮ ಕಡೆ ದೇವರ ಹಳೇ ಕ್ಯಾಲೆಂಡರನ್ನು ಕೂಡ ಕಸಕ್ಕೆ ಹಾಕುವುದಿಲ್ಲ. ಬಾಗಿಲ ಹಿಂದೆ ಸುತ್ತಿಟ್ಟು, ಸಂಕ್ರಾಂತಿಗೆ ಕೃಷ್ಣೆಯ ಸ್ನಾನಕ್ಕೆ ಹೋದಾಗ ನೀರಿಗೆ ಬಿಡುತ್ತೇವೆ. ಫೋನಿನಲ್ಲಿರುವ ದೇವರನ್ನು ಎಲ್ಲಿ ಬಿಡಬೇಕೋ ನನಗೆ ತಿಳಿದಿರಲಿಲ್ಲ, ಹಾಗಾಗಿ ಇಟ್ಟುಕೊಂಡೇ ಇದ್ದೆ. ಇದನ್ನೆಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ, ಬೆರಳು ಹಿಂದಕ್ಕೆ ತೆಗೆದರು.

“ನಮ್ಮ ಮನ್ಯಾಗೂ ಹಂಗೇ ಅದ್ರಿ ಅಕ್ಕಾರ. ಅಮ್ಮ ಓದೋ ಕಿತಾಬಿನ ಹಾಳಿ ಹರೀತು ಅಂದ್ರ ಕೆಳಗ ಬೀಳಾಕ ಬಿಡಂಗಿಲ್ಲ. ಬಟ್ಟಿಯಾಗ ಸುತ್ತಿ, ಎತ್ತರದಾಗ ಇಟ್ಟು, ಆಮ್ಯಾಲ ಹರಿಯೋ ನೀರಿಗೆ ಬಿಡ್ತಾರ.” ಮೇಜಿನ ಖಾನೆಯಿಂದ ಉಗುರಿನಷ್ಟು ಒಂದು ಮೆಮೊರಿ ಕಾರ್ಡು ತೆಗೆದರು. “ಎಲ್ಲಾನೂ ಇದರಾಗ ಕೂಡಿಸ್ತೀನಿ. ಒಬ್ಬ ದೇವರೂ ಕಸಕ್ಕ ಹೋಗಂಗಿಲ್ಲ. ನೀವು ಬಟ್ಟಿಯಾಗ ಸುತ್ತಿ ದೇವರ ಜಗಲಿ ಮ್ಯಾಲ ಇಡ್ರಿ. ಆದ್ರ ತಾಸೊತ್ತು ಆಗ್ತದ.”

“ಎರಡು ತಾಸು ಆಗಲಿ, ಕುಂದರ್ತೀನಿ,” ಅಂದೆ.

ಆ ಹೊತ್ತು ನನಗೆ ಈಗಲೂ ಕನಸಿನ ಹಾಗೆ ನೆನಪಿದೆ. ಹೊರಗೆ ಬಿಸಿಲು ಬಿಳಿಯಾಗಿ ಸುರಿಯುತ್ತಿತ್ತು. ರಸ್ತೆಯ ಆಟೋಗಳ ಸದ್ದು ದೂರದ್ದೇನೋ ಅನ್ನಿಸುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಫೋನಿನ ಮೇಲೆ ಚಿತ್ರಗಳು ಒಂದಾದ ಮೇಲೊಂದು ತೇಲಿ ಬಂದು ಕಾರ್ಡಿನೊಳಗೆ ಹೋಗುತ್ತಿದ್ದವು. ಶಿವ ಬಂದ, ಹೋದ. ಬಸವಣ್ಣ ಬಂದ, ಹೋದ. ನನ್ನ ಕಣ್ಣಿನ ಆಪರೇಷನ್ ದಿನ ಅಕ್ಕ ಕಳಿಸಿದ್ದ ಗಣಪ ಬಂದ. ನಡುನಡುವೆ ಆಕೆ ತಪ್ಪಿ ಕಳಿಸಿದ್ದವೂ ಇದ್ದವು. ಮಾಳಿಗೆಯ ತೊಲೆ, ಆಕೆಯ ಎಡ ಮೊಣಕಾಲು, ಅರ್ಧ ರೊಟ್ಟಿ ಉಳಿದ ತಾಟು.

“ಅಕ್ಕಾರ, ಇದು ಬರೇ ತೊಲಿ. ಇದನ್ನೂ ಇಡ್ಲೇನು?”

“ಇಡು ತಮ್ಮಾ. ಅದೂ ದೇವ್ರೇ.”

ನೋಡುತ್ತ ನೋಡುತ್ತ ನನ್ನ ರೆಪ್ಪೆ ಭಾರವಾಯಿತು. ಬಾಗಲವಾಡದ ಕಾಲುವೆ ದಂಡೆ ಕಾಣಿಸಿತು. ಎರಡು ಜಡೆಯ ಅಕ್ಕ ತಲೆ ಮೇಲೆ ಕೊಡ ಹೊತ್ತು ಮುಂದೆ ನಡೆಯುತ್ತಿದ್ದಳು. ಹತ್ತಿ ಹೊಲದ ಹಳದಿ ಹೂವುಗಳು ಆಕೆಯ ಲಂಗಕ್ಕೆ ತಾಗುತ್ತಿದ್ದವು. ನಾನು ಅಕ್ಕಾ ಅಕ್ಕಾ ಅಂತ ಕೂಗುತ್ತೇನೆ, ಧ್ವನಿಯೇ ಹೊರಡುವುದಿಲ್ಲ. ಆಕೆ ತಿರುಗಿ ಏನೋ ಹೇಳುತ್ತಾಳೆ, ನನಗೂ ಕೇಳುವುದಿಲ್ಲ. ದೂರದಲ್ಲೆಲ್ಲೋ ಮೆಹಬೂಬ್ ತಮ್ಮ ತಾಯಿಗೆ ಫೋನಿನಲ್ಲಿ, ಬರುತ್ತೇನೆ ಅಂತ ತಮ್ಮ ಮಾತಿನಲ್ಲಿ, “ಹೌ ಅಮ್ಮಾ, ಆತೂಂ” ಅನ್ನುತ್ತಿದ್ದರು. ಅಷ್ಟರಲ್ಲಿ ಯಾರೋ ನನ್ನ ಕಾಲಿನ ಹೆಬ್ಬೆರಳು ಎಳೆದರು. ಬೆಚ್ಚಿ ಎದ್ದೆ. ಯಾರೂ ಇರಲಿಲ್ಲ. ಮೇಜಿನ ಮೇಲೆ ನನ್ನ ಫೋನು ಟಿಣ್ ಟಿಣ್ ಅನ್ನುತ್ತಿತ್ತು.

“ಆತ್ರಿ ಅಕ್ಕಾರ. ಜಾಗ ಆತು, ಸೆಟ್ಟಿಂಗ್ಸ್ ತೆರೀತು, ವಿಮಾನಾನೂ ಇಳಿಸೀನಿ. ನೋಡ್ರಿ ಹೆಂಗ ಬೀಳಾಕತ್ತಾವ.”

ಅಕ್ಕನ ಹೆಸರಿನ ಪಕ್ಕ ನಲವತ್ತೊಂದು ಅಂತ ತೋರಿಸುತ್ತಿತ್ತು. ದಿನಕ್ಕೊಂದರಂತೆ ಮೂರು ಇರಬೇಕು. ನಾಲ್ಕು ವರ್ಷದಲ್ಲಿ ಆಕೆ ಒಂದರ ಮೇಲೆ ಎರಡು ಕಳಿಸಿದವಳಲ್ಲ. ತೆಗೆದೆ. ಮೊದಲ ದಿನ ಒಂದು ಹನುಮಪ್ಪ. ಎರಡನೇ ದಿನ ಬೆಳಿಗ್ಗೆ ಸೂರ್ಯದೇವರು, ಮಧ್ಯಾಹ್ನ ಮತ್ತೆ ಅದೇ, ಸಂಜೆ ಮತ್ತೆ ಅದೇ. ಮೂರನೇ ದಿನ ನಸುಕಿನಿಂದಲೇ ಒಂದೇ ಶಿವ, ಮತ್ತೆ ಮತ್ತೆ, ಮತ್ತೆ ಮತ್ತೆ. ಕೊನೆಗೆ ಒಂದು ಚಿತ್ರವಲ್ಲ, ಧ್ವನಿ. ಆಕೆ ಎಂದೂ ಧ್ವನಿ ಕಳಿಸಿದವಳಲ್ಲ. ಒತ್ತಿ ಕಿವಿಗಿಟ್ಟೆ. ಬರೀ ಉಸಿರು. ಆಮೇಲೆ ಗಂಟಲು ಹಿಂಡಿದ ಹಾಗೆ, “ಶ... ಶ... ಣೀ.”

ನನ್ನ ಹೆಸರು ಶರಣಮ್ಮ. ಶರಣೀ ಅಂತ ಕರೆಯುವವಳು ಜಗತ್ತಿನಲ್ಲಿ ಅಕ್ಕ ಒಬ್ಬಳೇ. ಅದನ್ನು ಕೇಳಿ ನಾಲ್ಕು ವರ್ಷವಾಗಿತ್ತು. ಅಂಗಡಿ, ಗಿರಾಕಿಗಳು ಯಾವುದೂ ನೋಡದೆ ಬಾಯಿಗೆ ಸೆರಗು ಒತ್ತಿ ಅತ್ತುಬಿಟ್ಟೆ. ಮೆಹಬೂಬ್ ಇನ್ನೊಂದು ಲೋಟ ನೀರು ಇಟ್ಟರು.

ಮಲ್ಲಣ್ಣನಿಗೆ ಫೋನು ಹಚ್ಚಿದೆ. ಎತ್ತಿದವನೇ ಕೂಗಿದ. “ಚಿಗವ್ವಾ! ಎಲ್ಲಿ ಸತ್ತೀಬೇ ನೀನು? ನಾವು ಮಾನ್ವಿಗೆ ಬಂದೀವಿ, ನಿಮ್ಮ ಮನಿ ಕಟ್ಟಿ ಮ್ಯಾಲೇ ಕುಂತೀವಿ. ಅವ್ವ ಕಳಿಸಿದ್ದು ನೀ ನೋಡಿದಿ ಅಂತ ಎರಡು ನೀಲಿ ಗೆರಿ ಬರ್ತಾವಲ್ಲ, ಮೂರು ದಿನದಿಂದ ಬಂದಿಲ್ಲ. ಬ್ಯಾಟರಿ ಹೋಗಿರಬೇಕು ಅಂದ್ರ ಕೇಳಲಿಲ್ಲ. ಇವತ್ತು ಮುಂಜಾನಿ ಚೀಲ ಹಿಡಕೊಂಡು ಬಾಗಿಲದಾಗ ಕುಂತುಬಿಟ್ಟಳು. ಕಾಕಾ ನೀ ಆರಾಮ ಇದ್ದಿ ಅಂದ್ರೂ ನಂಬವಲ್ಲಳು. ಒಂದು ಗುಟಕು ಚಾ ಮುಟ್ಟಿಲ್ಲ.”

ಲಕ್ವಾ ಹೊಡೆದ ಮೇಲೆ ಅಕ್ಕ ಹೊಸ್ತಿಲು ದಾಟಿರಲಿಲ್ಲ. ಜನ ನೋಡುತ್ತಾರೆ ಅಂತ ಮದುವೆಗೂ ಹೋದವಳಲ್ಲ, ನನ್ನ ಮನೆಗೂ ಬಂದಿರಲಿಲ್ಲ. ಆ ಬಸ್ಸಿನ ಒಂದೂವರೆ ತಾಸು ನಾನು ಹೇಗೆ ಕೂತೆನೋ ಗೊತ್ತಿಲ್ಲ. ಕಿಟಕಿಯಾಚೆ ಭತ್ತದ ಗದ್ದೆಗಳು ಹಸಿರಾಗಿ ಹಿಂದೆ ಹೋಗುತ್ತಿದ್ದವು. ಮಡಿಲಲ್ಲಿ ಫೋನು, ಮುಷ್ಟಿಯಲ್ಲಿ ಕಾರ್ಡು. ಆ ನಾಲ್ಕು ಸೆಕೆಂಡಿನ ಧ್ವನಿಯನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದೆ. ಕಟ್ಟೆಯ ಮೇಲೆ ಅಕ್ಕ ಕೂತಿದ್ದಳು, ಬಲಗೈ ಮಡಿಲಲ್ಲಿ. ನಾನು ಮೆಟ್ಟಿಲ ಮೇಲೆ ಆಕೆಯ ಕಾಲ ಹತ್ತಿರ ಕೂತೆ. ಎಡಗೈ ಎತ್ತಿ ನನ್ನ ತಲೆಗೆ ಫಟ್ಟನೆ ಒಂದು ಕೊಟ್ಟಳು. ಚಿಕ್ಕವರಿದ್ದಾಗ ಕೊಟ್ಟ ಹಾಗೇ, ಕಣ್ಣಲ್ಲಿ ನೀರು ಬರುವ ಹಾಗೆ. “ಹೊಡಿ, ಇನ್ನೊಂದು ಹೊಡಿ. ನಂದೇ ತಪ್ಪು,” ಅಂದೆ. ಆಕೆ ಹೊಡೆಯಲಿಲ್ಲ. ಚೀಲದಿಂದ ತನ್ನ ಫೋನು ತೆಗೆದು, ಮೊಣಕಾಲಿಗೆ ಆನಿಸಿಕೊಂಡು, ಎಡ ಹೆಬ್ಬೆರಳಲ್ಲಿ ನಿಧಾನವಾಗಿ ಏನೋ ಒತ್ತಿದಳು.

ನನ್ನ ಮಡಿಲಲ್ಲಿ ಫೋನು ಟಿಣ್ ಅಂದಿತು. ಮಗ್ಗುಲಲ್ಲೇ ಕೂತವಳಿಗೆ ಆಕೆ ಶಿವನನ್ನು ಕಳಿಸಿದ್ದಳು. ನಾನು ತೆಗೆದು ನೋಡಿದೆ. ಅಕ್ಕ ನನ್ನ ಮುಖ ನೋಡಲಿಲ್ಲ, ತನ್ನ ಫೋನನ್ನೇ ನೋಡುತ್ತಿದ್ದಳು. ಎರಡು ಗೆರೆ ನೀಲಿಯಾದವು. ಆಮೇಲೆ ಮಲ್ಲಣ್ಣನ ಕಡೆ ಕೈ ಚಾಚಿ ಚಹಾ ಕೇಳಿದಳು.

ನಮ್ಮ ಮನೆಯವರು ಅವತ್ತು ಒಳಗೆ ಹೋಗಿ ಇದ್ದಿಲಿನಿಂದ ಅಡಿಗೆ ಮನೆಯ ಗೋಡೆಯ ಮೇಲೆ ಮಲ್ಲಣ್ಣನ ನಂಬರು ದೊಡ್ಡದಾಗಿ ಬರೆದರು. ಅದು ಇವತ್ತಿಗೂ ಇದೆ. ಕಾರ್ಡನ್ನು ಬ್ಲೌಸಿನ ಖಣದ ತುಂಡಿನಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ವಿಭೂತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಸಂಕ್ರಾಂತಿ ಬಂದು ಹೋಯಿತು, ನೀರಿಗೆ ಬಿಡಲು ಮನಸ್ಸಾಗಲಿಲ್ಲ. ನಾಲ್ಕು ವರ್ಷ ನೋಡಿ ಸುಮ್ಮನಾಗುತ್ತಿದ್ದ ನಾನು ಈಗ ದಿನಾ ಅಕ್ಕನಿಗೆ ತಿರುಗಿ ಒಂದು ಚಿತ್ರ ಕಳಿಸುತ್ತೇನೆ. ಒಮ್ಮೊಮ್ಮೆ ಹೊಲಿದ ಬ್ಲೌಸಿನದು, ಒಮ್ಮೊಮ್ಮೆ ನಮ್ಮ ಮಾಳಿಗೆಯ ತೊಲೆಯದು.

ಅಕ್ಕ ಮಾನ್ವಿಗೆ ಬಂದ ಆ ದಿನ ಊರಿಗೆ ಹೋಗಲಿಲ್ಲ, ನನ್ನ ಹತ್ತಿರವೇ ಮಲಗಿದಳು. ಮರುದಿನ ಆರಾಯಿತು. ಫೋನು ಸುಮ್ಮನಿತ್ತು. ಅರೆನಿದ್ದೆಯಲ್ಲಿದ್ದ ನನ್ನ ಕಾಲಿನ ಹೆಬ್ಬೆರಳನ್ನು ಯಾರೋ ಹಿಡಿದು ಎಳೆದರು. ನನಗೆ ಎಚ್ಚರವಾಗಿತ್ತು. ಆದರೂ ಕಣ್ಣು ತೆರೆಯಲಿಲ್ಲ, ಇನ್ನೊಂದು ಸಲ ಎಳೆಯಲಿ ಅಂತ.