ಸಾಕಮ್ಮಕ್ಕ ಎಳೆಯದ ತಂತಿ

ಆ ತಂತಿಯನ್ನು ನೀವು ಎಳೆದಿರಲಿಲ್ಲ, ಸಾಕಮ್ಮಕ್ಕ. ಅದು ತುಂಡಾಗಿದ್ದು ನನ್ನಿಂದ. ಗೊತ್ತಿದ್ದೂ ನಿಮ್ಮ ಗಂಡ ಚೆಲುವಣ್ಣನ ಮುಂದೆ ನಿಮ್ಮ ಹೆಸರು ಹೇಳಿದೆ — ಇಪ್ಪತ್ತು ವರ್ಷವಾದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹುಣಸೂರಿನಲ್ಲಿ ಆಗ ನನ್ನದು ರೇಡಿಯೋ ರಿಪೇರಿ ಅಂಗಡಿ. ಕೆಲಸದಲ್ಲಿ ಮೆಕ್ಯಾನಿಕ್, ಜಂಬದಲ್ಲಿ ಇಂಜಿನಿಯರ್. ಚೆಲುವಣ್ಣ ಎಚ್.ಡಿ. ಕೋಟೆಯಿಂದ ಕೇರಳಕ್ಕೆ ಲಾರಿಯಲ್ಲಿ ಶುಂಠಿ ಸಾಗಿಸುತ್ತಿದ್ದರು. ಲೋಡಿಗಾಗಿ ಎರಡು ಮೂರು ದಿನ ಕಾಯಬೇಕಾಗುತ್ತಿತ್ತು. ಮಕ್ಕಳಿಲ್ಲದ ಮನೆಯಲ್ಲಿ ನೀವೊಬ್ಬರೇ ಯಾಕಿರಬೇಕೆಂದು ಡ್ರೈವರ್ ಕ್ಯಾಬಿನ್ನಿನ ಹಿಂದೆ ತಗಡಿನ ಪುಟ್ಟ ಕೋಣೆ ಕಟ್ಟಿಸಿದರು. ನಾನು ಅದನ್ನು ಕ್ಯಾಂಪರ್ ಎಂದೆ, ನೀವು ಗೂಡು ಎನ್ನುತ್ತಿದ್ದಿರಿ. ಒಂದು ಮಂಚ, ಒಂದು ಸೀಮೆಎಣ್ಣೆ ಸ್ಟೌ, ರಾಗಿ ಹಿಟ್ಟಿನ ಡಬ್ಬ. ಚುಂಚನಕಟ್ಟೆಯ ಗದ್ದೆಬದು ಬಿಟ್ಟು ಹೊರಗೆ ಹೋಗದಿದ್ದ ನೀವು ಆ ಗೂಡಿನ ಕಿಟಕಿಯಿಂದ ಆನೆಗಳನ್ನು ನೋಡಿದಿರಿ.

ಕಾಡಿನ ದಾರಿ ಹಿಡಿದರೆ ಮಾಮೂಲಿ ರೇಡಿಯೋ ಬರೀ ಗೊರಗೊರ. ಆಗ ತಾನೇ ಉಪಗ್ರಹ ರೇಡಿಯೋ ಬಂದಿತ್ತು — ಆಕಾಶದಿಂದ ನೇರ ಇಳಿಯುವ ಹಾಡು. ನಮ್ಮ ಕಡೆ ಅದನ್ನು ಲಾರಿಗೆ ಕೂರಿಸಿದವನು ನಾನೊಬ್ಬನೇ. ಓಡುವ ಗಾಡಿಯಲ್ಲಿ ಅದು ಹಾಡುತ್ತಿರಲಿಲ್ಲ. ನಿಲ್ಲಿಸಿ, ಗೂಡಿನ ಮೇಲಿನ ಅಂಗೈಯಗಲದ ಆಂಟೆನಾವನ್ನು ಮೂಡಣಕ್ಕೆ ತಿರುಗಿಸಬೇಕಿತ್ತು. ಚೆಲುವಣ್ಣ ಮೇಲೆ ಹತ್ತಿ ಚೂರು ಚೂರೇ ತಿರುಗಿಸುವುದು, ಒಳಗಿನಿಂದ ನೀವು "ಬಂತು, ಬಂತು, ಅಂಗೇ ಇರ್ಲಿ" ಎನ್ನುವುದು — ನನ್ನ ಅಂಗಡಿ ಮುಂದೆ ಮೊದಲ ಸಲ ಅದನ್ನು ನೋಡಿದಾಗ ಹೊಟ್ಟೆಕಿಚ್ಚಾಗುವಷ್ಟು ಚೆಂದವಿತ್ತು. ಈಗಲೂ ನೆನೆದರೆ ಮನಸ್ಸು ಹಿಗ್ಗುತ್ತದೆ, ಮರುಗಳಿಗೆ ಕುಗ್ಗುತ್ತದೆ.

ತಿಂಗಳಾಗಿರಲಿಲ್ಲ, ರೇಡಿಯೋ ಮೂಕವಾಯಿತು. ಲಾರಿ ಅಂಗಡಿಗೆ ಬಂತು. ಮೇಲೆ ಹತ್ತಿ ನೋಡಿದೆ. ಆಂಟೆನಾದ ತಂತಿಯನ್ನು ಒಳಗಿಳಿಸಲು ನಾನು ತಗಡಿಗೆ ಕೊರೆದಿದ್ದ ತೂತಿನಲ್ಲೇ ಅದು ಕತ್ತರಿಸಿಹೋಗಿತ್ತು. ಅಂಥ ತೂತಿಗೆ ಅಂಚು ಮುಚ್ಚುವ ರಬ್ಬರ್ ಬುಷ್ ಹಾಕಬೇಕು. ಇಲ್ಲದಿದ್ದರೆ ಗಾಡಿ ಕುಲುಕಿದಾಗೆಲ್ಲ ತಗಡಿನ ಅಂಚು ತಂತಿಯನ್ನು ಕೊಯ್ಯುತ್ತದೆ. ಹಾಕುವುದನ್ನು ಮರೆತಿದ್ದೆ. ಪಕ್ಕದಲ್ಲೇ ಚಾವಣಿಯ ಕೊಕ್ಕೆಗೆ ನೀವು ಕಟ್ಟಿದ್ದ ಹಗ್ಗದಲ್ಲಿ ಸೀರೆ ಒಣಗುತ್ತಿತ್ತು. ಕೆಳಗೆ ಚೆಲುವಣ್ಣ, ಟೀ ಅಂಗಡಿಯಿಂದ ಎದ್ದು ಬಂದ ನಾಲ್ಕು ಡ್ರೈವರುಗಳು — ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅಕ್ಕ ಬಟ್ಟೆ ಒಣಗಾಕಕೋಗಿ ತಂತಿ ಎಳ್ದವ್ರೆ ಕಣಣ್ಣ" ಎಂದೆ.

ನೀವು ಗೂಡಿನ ಬಾಗಿಲಲ್ಲೇ ಇದ್ದಿರಿ. "ನಾನು ಹಗ್ಗದ ಮ್ಯಾಲೆ ಆಕಿದ್ದು ಕಣಪ್ಪ. ತಂತಿ ಮುಟ್ನಿಲ್ಲ" ಎಂದಿರಿ — ಚೆಲುವಣ್ಣನಿಗಲ್ಲ, ನನಗೆ. ನಾನು ಸ್ಕ್ರೂಡ್ರೈವರ್ ಹುಡುಕುವವನಂತೆ ತಲೆ ತಗ್ಗಿಸಿದೆ. ಹೆಂಡತಿಯನ್ನು ಲಾರಿಗೆ ಹತ್ತಿಸಿಕೊಂಡರೆ ಇನ್ನೇನಾದೀತು ಎಂದು ಡ್ರೈವರುಗಳು ಚೆಲುವಣ್ಣನ ಕಾಲೆಳೆದರು. ಚೆಲುವಣ್ಣ ನಗಲಿಲ್ಲ. ಹೊಸ ತಂತಿ ಹಾಕಿ, ಈ ಸಲ ಯಾರಿಗೂ ಕಾಣದಂತೆ ರಬ್ಬರನ್ನೂ ಕೂರಿಸಿದೆ. ಮುಂದಿನ ಲೋಡಿಗೆ ಚೆಲುವಣ್ಣ ನಿಮ್ಮನ್ನು ಮನೆಯಲ್ಲೇ ಬಿಟ್ಟು ಬಂದರು. ಅದರ ಮುಂದಿನದಕ್ಕೂ.

ವರ್ಷವಾದ ಮೇಲೆ ಅವರು ರೇಡಿಯೋ ಬಿಚ್ಚಿಸಲು ಬಂದರು. ಚೆನ್ನಾಗಿಯೇ ಇದೆಯಲ್ಲ ಎಂದೆ.

"ಮ್ಯಾಲೆ ನಿಂತು ತಿರುಗುಸ್ತಿದ್ರೆ ಒಳಗಿಂದ ಬಂತು ಅನ್ನೋರಿಲ್ಲ ಕಣ್ಲಾ."

ಆಗಲಾದರೂ ಹೇಳಬಹುದಿತ್ತು — ಬಾಯಿ ತೆರೆದೆ — ಟೀ ತರಿಸಲೇ ಎಂದು ಕೇಳಿದೆ.

ಹೋದ ತಿಂಗಳು ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ಪಕ್ಕದಲ್ಲಿದ್ದ ನಾದಿನಿಗೆ ನನ್ನನ್ನು ತೋರಿಸಿ ನಗುತ್ತಾ ಹೇಳಿದಿರಿ: "ನಮ್ ಲಾರಿಗೆ ರೇಡಿಯೋ ಆಕ್ಕೊಟ್ಟೋರು ಇವ್ರೇ ಕಣವ್ವ. ನಾನೇ ತಂತಿ ಎಳ್ದು ಹಾಳ್ಮಾಡ್ಬುಟ್ಟೆ."

ಮುಟ್ಟಲಿಲ್ಲ ಎಂದು ನನ್ನ ಮುಖಕ್ಕೇ ಹೇಳಿದ್ದವರು ನೀವು. ಇಷ್ಟು ವರ್ಷ ಕೇಳಿ ಕೇಳಿ ನಿಮಗೇ ಅದು ನಿಜವಾಗಿಬಿಟ್ಟಿದೆ. ನಾನು ಏನು ಮಾಡಿದೆ ಗೊತ್ತೇ, ಅಕ್ಕ — ಹೌದೆನ್ನುವಂತೆ ನಕ್ಕೆ.

ಈ ಭಾನುವಾರ ಚುಂಚನಕಟ್ಟೆಗೆ ಬರುತ್ತೇನೆ. ಚೆಲುವಣ್ಣನನ್ನು ಎಲ್ಲೂ ಹೋಗಗೊಡಬೇಡಿ. ಈ ಕಾಗದ ಅಲ್ಲಿಯವರೆಗೆ ನಿಮ್ಮ ಹತ್ತಿರವೇ ಇರಲಿ, ಇದನ್ನು ಇಬ್ಬರ ಮುಂದೆಯೂ ನಾನೇ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ನೀವು ಕೂರು ಎಂದರೆ ಕೂರುತ್ತೇನೆ, ಹೋಗು ಎಂದರೆ ಹೋಗುತ್ತೇನೆ.