ಕೇಳಲೆಂದು ನೆಟ್ಟ ಬಾಳೆ

"ಇದು ನನ್ನ ಕಿಟಕಿ ಪಕ್ಕದ ಬಾಳೆಯದಾ?"

ಚೌತಿಯ ಊಟಕ್ಕೆ ನಾನು ಕರೆದಿದ್ದ ಲಿನ್ ಅಂಕಲ್ ಎಲೆಯ ಅಂಚನ್ನು ಬೆರಳಿನಿಂದ ಸವರಿ ಕೇಳಿದರು. ಹೌದೆಂದೆ, ಹೆಮ್ಮೆಯಿಂದಲೇ. ಹಬ್ಬಕ್ಕೂ ಪೇಪರ್ ಪ್ಲೇಟಿನಲ್ಲಿ ಉಂಡು ಬೇಸತ್ತಿದ್ದವಳು ನಾನು. ಅವರು ಎಲೆಯಿಂದ ಕೈ ತೆಗೆದರು. "ಇನ್ನು ಮಳೆಯನ್ನು ಹೇಗೆ ಕೇಳಲಿ?" ಎಂದವರೇ ಗೋಡೆ ಹಿಡಿದುಕೊಂಡು ಹೊರಟೇಬಿಟ್ಟರು. ನಾನು ಪಾಯಸದ ಸೌಟು ಹಿಡಿದು ನಿಂತೇ ಇದ್ದೆ.

ಗಂಡನ ಆಸ್ಪತ್ರೆ ಕೆಲಸಕ್ಕಾಗಿ ಧಾರವಾಡ ಬಿಟ್ಟು ಅಮೆರಿಕದ ಡರ್ಹಮ್‌ಗೆ ಬಂದು ಆಗ ಒಂದು ವರ್ಷ. ನನಗೆ ಕಾರು ಓಡಿಸಲು ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಪಕ್ಕದ ಮನೆಯ ಲಿನ್ ಅಂಕಲ್ ಒಂಟಿ ಮುದುಕರು. ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಬೇಲಿಯಾಚೆಯಿಂದ ದಿನಾ "ಊಟ ಆಯಿತಾ?" ಎಂದು ವಿಚಾರಿಸುತ್ತಿದ್ದರು. ಅವರ ಚೀನಾದಲ್ಲೂ ಹಾಗೇ ಕೇಳುತ್ತಾರಂತೆ. ಇಡೀ ಊರಿನಲ್ಲಿ ನನ್ನನ್ನು ಹಾಗೆ ಕೇಳುವವರು ಅವರೊಬ್ಬರೇ.

ಹಿತ್ತಲಿನಲ್ಲಿ ಕೈಯಾರೆ ಚೀನೀ ತೋಟ ಮಾಡಿದ್ದರು. ಮೊದಲ ಸಲ ಒಳಗೆ ಕಾಲಿಟ್ಟಾಗ ಕಕ್ಕಾಬಿಕ್ಕಿಯಾದೆ. ಗೋಡೆಯಲ್ಲಿ ದುಂಡನೆಯ ಬಾಗಿಲು, ಅದಕ್ಕೆ ಕದವೇ ಇಲ್ಲ. ಹತ್ತು ಹೆಜ್ಜೆ ದಾರಿಗೆ ನಾಲ್ಕು ತಿರುವು. "ಚಪ್ಪಲಿ ಬಿಡು, ನಿನ್ನ ಕಾಲೂ ತೋಟ ನೋಡಲಿ" ಎಂದರು. ಬೆಣಚುಕಲ್ಲು ಅಂಗಾಲಿಗೆ ಒತ್ತಿ ಅಯ್ಯಯ್ಯೋ ಎಂದೆ. ತೂತುಬಿದ್ದ ಬಂಡೆಯನ್ನು ಮುಟ್ಟಿಸಿದರು. ಗ್ವೇಹ್ವಾ ಎಂಬ ಅಕ್ಕಿಕಾಳಿನಷ್ಟು ಹೂವು ಮೂಸಿಸಿ, ಅದನ್ನೇ ಹಾಕಿದ ಚಹಾ ಕುಡಿಸಿದರು. ನಮ್ಮ ಧಾರವಾಡದ ಹಿತ್ತಲಿನಲ್ಲಿ ಕರಿಬೇವು ಒಗ್ಗರಣೆಗೆ, ದಾಸವಾಳ ದೇವರಿಗೆ, ಬಾಳೆ ಊಟಕ್ಕೆ. ಇದೆಂಥ ಕೆಲಸಕ್ಕೆ ಬಾರದ ತೋಟವಪ್ಪಾ ಅಂದುಕೊಂಡಿದ್ದೆ.

ಒಮ್ಮೆ ಈರುಳ್ಳಿ ಸೊಪ್ಪಿನ ಮಡಿ ತೋರಿಸಿ "ಬೇಕಾದಾಗ ಕೊಯ್ದುಕೋ" ಎಂದಿದ್ದರು. ನಾನು ಅದನ್ನು ಇಡೀ ತೋಟಕ್ಕೇ ಅನ್ವಯಿಸಿಕೊಂಡೆ. ಚೌತಿಯ ಬೆಳಿಗ್ಗೆ ಅವರು ಕಣ್ಣಿನ ಡಾಕ್ಟರ ಬಳಿ ಹೋಗಿದ್ದಾಗ ಕಿಟಕಿ ಪಕ್ಕದ ಬಾಳೆಯ ಆರೂ ಎಲೆಗಳನ್ನು ಕತ್ತರಿಸಿ ತಂದೆ.

"ಕೇಳದ ಯಾಕ ಕೊಯ್ದಿ?" ಎಂದರು ನನ್ನ ಗಂಡ.

"ಬಾಳಿ ಎಲಿ ಕೊಯ್ಯಲಿಕ್ಕೆ ಯಾರರ ಕೇಳ್ತಾರೇನ್ರೀ?" ಎಂದು ರೇಗಿದೆ. ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ.

ಮರುದಿನ ಬೇಲಿಯಾಚೆ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಮಳೆ ಹಿಡಿಯಿತು. ತಡೆಯಲಾರದೆ ನೆನೆದುಕೊಂಡೇ ಹೋಗಿ ಅವರ ಬಾಗಿಲು ಬಡಿದೆ. ಬಾಗಿಲು ಹಾಕಿರಲಿಲ್ಲ; ಒಳಗೆ ಅವರು ಕಿಟಕಿಗೆ ಕಿವಿಯಿಟ್ಟು ಕೂತಿದ್ದರು. ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಬರೀ ಸೊಯ್ಯೆನ್ನುವ ಸದ್ದು.

"ನನ್ನ ಊರಿನಲ್ಲಿ ಕಿಟಕಿ ಪಕ್ಕ ಬಾಳೆ ನೆಡುವುದು ಎಲೆ ಮೇಲೆ ಬೀಳುವ ಮಳೆ ಕೇಳುವುದಕ್ಕೆ" ಎಂದರು. "ಕಣ್ಣು ಹೋದ ಮೇಲೂ ತೋಟ ಉಳಿಯಲಿ ಅಂತ ನೆಟ್ಟಿದ್ದೆ."

ನಾನು ಊಟ ಬಡಿಸಿದ್ದು ಒಬ್ಬ ಮುದುಕರ ಕಿವಿಯ ಮೇಲೆ. "ತಪ್ಪಾಯಿತು ಅಂಕಲ್" ಎಂದೆ. ಅವರು ಮತ್ತೆ ಕಿಟಕಿಗೆ ಕಿವಿಯಿಟ್ಟರು.

ಬಾಳೆಗೆ ಯಾರ ಮೇಲೂ ಸಿಟ್ಟಿರಲಿಲ್ಲ. ವಾರದಲ್ಲಿ ಹೊಸ ಸುರುಳಿ ಬಂತು, ಬಿಚ್ಚಿಕೊಂಡಿತು. ಮುಂದಿನ ಮಳೆಗೆ ಬೇಲಿಯ ಬಳಿ ಓಡಿ ಕಿವಿಗೊಟ್ಟೆ. ಪಟ್, ಪಟ್, ಒಂದೇ ಎಲೆಯ ಮೇಲೆ. ಆಚೆಯ ಕಿಟಕಿ ತೆರೆಯಿತು.

"ಊಟ ಆಯಿತಾ?"

ಆಗಿತ್ತು. ಆದರೂ ಇಲ್ಲವೆಂದು ಹೇಳಿ ಅವರ ಮನೆಯೊಳಗೆ ಹೋಗಿ ಕೂತೆ.

ಎರಡು ವರ್ಷದ ಮೇಲೆ ಧಾರವಾಡಕ್ಕೆ ಹೋದಾಗ ಅಣ್ಣನ ಹೆಂಡತಿ ವೈನಿ ಊಟಕ್ಕೆ ಬಾಳೆ ಎಲೆ ಹಾಕಿದರು. ವಾಡಿಕೆಯಂತೆ ನೀರು ಚಿಮುಕಿಸಿದೆ. ಹನಿ ಎಲೆಗೆ ಪಟ್ ಎಂದು ಬಿದ್ದಿದ್ದೇ ಕೈ ನಿಂತುಬಿಟ್ಟಿತು.

"ಯಾಕವಾ, ಎಲಿ ಹರದದೇನು?" ಎಂದರು ವೈನಿ, ಅನ್ನದ ಪಾತ್ರೆ ಹಿಡಿದು.

"ಒಂಚೂರು ತಡೀರಿ ವೈನಿ" ಎಂದು ಇನ್ನೊಮ್ಮೆ ನೀರು ಚಿಮುಕಿಸಿದೆ.